ಕಡತಗಳ ಪ್ರತಿ ಮತ್ತು ಪಾಠಶುದ್ಧಿ: ಹಾರ್ಡ್ ಡಿಸ್ಕ್‌ಗಳ ನಡುವಿನ ವರ್ಗಾವಣೆಯಲ್ಲಿ ತಲೆದೋರುವ ದೋಷಗಳು

1. ಪೀಠಿಕೆ

ದೆಹಲಿಯಲ್ಲಿದ್ದು ಕನ್ನಡ ಸಂಶೋಧನೆಯಲ್ಲಿ ತೊಡಗಿದವರ ಆಕರಸಾಮಗ್ರಿ ಬಹುಮಟ್ಟಿಗೆ ದೆಹಲಿಯಲ್ಲಿಲ್ಲ. ಅದು ಬಹು ದೂರದಲ್ಲಿ, ಮಠಗಳ ಮತ್ತು ಬಸದಿಗಳ ಭಂಡಾರಗಳಲ್ಲಿ, ಶಾಸನದ ಕಲ್ಲುಗಳಲ್ಲಿ, ಹಳ್ಳಿಯ ಹಾಡುಗಾರರ ಕಂಠದಲ್ಲಿ ಇದೆ. ಕ್ಷೇತ್ರಕಾರ್ಯಕ್ಕೆ ತೆರಳಿದ ಸಂಶೋಧಕರು ಅಲ್ಲಿಂದ ತರುವುದು ಓಲೆಗರಿಗಳ ಛಾಯಾಚಿತ್ರಗಳನ್ನು, ಯಕ್ಷಗಾನ, ಕಂಸಾಳೆ, ಚೌಡಿಕೆ ಪದಗಳ ಧ್ವನಿಮುದ್ರಣಗಳನ್ನು. ಇವೆಲ್ಲವೂ ಇಂದು ಅಂಗೈಯಗಲದ ಹಾರ್ಡ್ ಡಿಸ್ಕ್ ಒಂದರಲ್ಲಿ ಅಡಗಿ ಪ್ರಯಾಣ ಮಾಡುತ್ತವೆ. ದೆಹಲಿಯನ್ನು ಮುಟ್ಟಿದ ಮೇಲೆ ಆ ಡಿಸ್ಕ್‌ನಿಂದ ಮತ್ತೊಂದಕ್ಕೆ, ಅಲ್ಲಿಂದ ಸಂಸ್ಥೆಯ ಸಂಗ್ರಹಕ್ಕೆ ಅವುಗಳ ಪ್ರತಿಗಳಾಗುತ್ತವೆ.

ರಾಜಧಾನಿ ಪ್ರದೇಶದಲ್ಲಿ ಇಂತಹ ಕಾರ್ಯ ಹೊಸತೇನಲ್ಲ. ಅಮೆರಿಕನ್ ಇನ್ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಸಂಸ್ಥೆಯು 1982ರಲ್ಲಿ ಆರಂಭಿಸಿದ, ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ಸಂಗ್ರಹಾಲಯವು ಕ್ಷೇತ್ರಮುದ್ರಣಗಳ ರಕ್ಷಣೆಗೆಂದೇ ಹುಟ್ಟಿದ್ದು. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಓಲೆಗರಿಗಳನ್ನು ಗಣಕಬಿಂಬಗಳಾಗಿಸುವ ಕಾರ್ಯಕ್ಕೆ ರಾಷ್ಟ್ರವ್ಯಾಪ್ತಿಯನ್ನು ನೀಡಿತು. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆ ನುರಿತ ಸಿಬ್ಬಂದಿ ಇರುತ್ತಾರೆ. ಆದರೆ ಒಬ್ಬಂಟಿಯಾಗಿ ಕೆಲಸ ಮಾಡುವ ಸಂಶೋಧನ ವಿದ್ಯಾರ್ಥಿಗೆ, ಪ್ರತಿ ಮಾಡುವಾಗ ನಡುವೆ ಬರುವ ಒಂದು ದೋಷಸೂಚನೆಯೇ ವರ್ಷದ ದುಡಿಮೆಯನ್ನು ಅಪಾಯಕ್ಕೆ ಒಡ್ಡಬಲ್ಲದು. ಮುದ್ರಣ ಮಾಡಿಕೊಟ್ಟ ಹಿರಿಯ ಕಲಾವಿದರು ಕಾಲವಶರಾದ ಬಳಿಕ ಅದನ್ನು ಮತ್ತೆ ಪಡೆಯುವ ದಾರಿಯಿಲ್ಲ.

ಈ ದೋಷಗಳು ಎಷ್ಟು ಬಗೆಯವು, ಅವುಗಳ ಕಾರಣವೇನು, ಪರಿಹಾರವೇನು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಲೇಖನದ ಮುಖ್ಯ ನಿಲುವನ್ನು ಮೊದಲೇ ಹೇಳಬಹುದು. ಗ್ರಂಥಸಂಪಾದನ ಶಾಸ್ತ್ರವು ಹಸ್ತಪ್ರತಿಗಳ ಬಗೆಗೆ ಕಲಿಸಿರುವ ಎಚ್ಚರವೇ ಗಣಕದ ಕಡತಗಳಿಗೂ ಸಲ್ಲುತ್ತದೆ: ತಾಳೆ ನೋಡದ ಪ್ರತಿಯನ್ನು ಪ್ರತಿಯೆಂದು ನಂಬಬಾರದು.

2. ದೋಷದ ನೆಲೆಯನ್ನು ಗುರುತಿಸುವ ಬಗೆ

ಒಂದು ಹೊರ ಡಿಸ್ಕ್‌ನಿಂದ ಇನ್ನೊಂದಕ್ಕೆ ಕಡತವನ್ನು ಕಳುಹಿಸುವಾಗ ಅದು ನೇರವಾಗಿ ಹೋಗುವುದಿಲ್ಲ. ಮೂಲ ಡಿಸ್ಕ್‌ನಿಂದ ತುಣುಕು ತುಣುಕಾಗಿ ಓದಲ್ಪಟ್ಟು, ಕೇಬಲ್ ಮೂಲಕ ಗಣಕಯಂತ್ರದ ಸ್ಮೃತಿಗೆ ಬಂದು, ಅಲ್ಲಿಂದ ಮತ್ತೊಂದು ಕೇಬಲ್ ಮೂಲಕ ಎರಡನೆಯ ಡಿಸ್ಕ್‌ಗೆ ಹೋಗಿ, ಅಲ್ಲಿಯ ಕಡತವ್ಯವಸ್ಥೆಯ ನಿಯಮಕ್ಕೆ ಅನುಗುಣವಾಗಿ ಬರೆಯಲ್ಪಡುತ್ತದೆ. ಈ ಸರಪಳಿಯ ಯಾವ ಕೊಂಡಿಯಲ್ಲಾದರೂ ತೊಡಕು ಉಂಟಾಗಬಹುದು. ಪರದೆಯ ಮೇಲಿನ ದೋಷಸೂಚನೆ ಎಷ್ಟೋ ವೇಳೆ ಅಸ್ಪಷ್ಟವಾಗಿರುತ್ತದೆ. ಆದುದರಿಂದ ಸೂಚನೆಯ ಮಾತಿಗಿಂತ, ದೋಷವು ಯಾವಾಗ ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದೇ ಹೆಚ್ಚು ನಂಬಲರ್ಹವಾದ ಸಾಕ್ಷ್ಯ.

ಪ್ರತಿಸಲವೂ ದೊಡ್ಡ ಕಡತಗಳು ಮಾತ್ರ ನಿಲ್ಲುತ್ತಿದ್ದರೆ ಗಾತ್ರದ ಮಿತಿಯನ್ನು ಸಂಶಯಿಸಬೇಕು. ಚಿಕ್ಕದಾದರೂ ಒಂದು ನಿರ್ದಿಷ್ಟ ಕಡತವೇ ತಡೆಯುತ್ತಿದ್ದರೆ ಮೊದಲು ಅದರ ಹೆಸರನ್ನು, ಅನಂತರ ಅದು ಇರುವ ಡಿಸ್ಕ್‌ನ ಭಾಗವನ್ನು ಪರಿಶೀಲಿಸಬೇಕು. ಒಮ್ಮೆ ಒಂದು ಕಡತದಲ್ಲಿ, ಮತ್ತೊಮ್ಮೆ ಬೇರೊಂದರಲ್ಲಿ, ನಿಯಮವಿಲ್ಲದೆ ಕೆಲಸ ನಿಲ್ಲುತ್ತಿದ್ದರೆ ಕೇಬಲ್, ಕಿಂಡಿ ಇಲ್ಲವೆ ವಿದ್ಯುತ್ತಿನ ಕೊರತೆ ಕಾರಣವಾಗಿರುವುದು ಸಂಭಾವ್ಯ.

ಮೂಲದಲ್ಲಿ ದೋಷವಿದೆಯೋ ಪ್ರತಿಯ ಡಿಸ್ಕ್‌ನಲ್ಲಿದೆಯೋ ಎಂಬುದನ್ನು ನಿರ್ಧರಿಸಲು ಸರಳವಾದ ಪರೀಕ್ಷೆಯೊಂದಿದೆ. ತಡೆಯೊಡ್ಡಿದ ಕಡತವನ್ನು ಮೊದಲು ಗಣಕಯಂತ್ರದ ಒಳ ಡಿಸ್ಕ್‌ಗೆ ತೆಗೆದುಕೊಳ್ಳಬೇಕು, ಅಲ್ಲಿಂದ ಎರಡನೆಯ ಹೊರ ಡಿಸ್ಕ್‌ಗೆ ಕಳುಹಿಸಬೇಕು. ಮೊದಲ ಹಂತದಲ್ಲೇ ನಿಂತರೆ ತೊಡಕು ಮೂಲದ ಕಡೆಗಿದೆ. ಎರಡನೆಯ ಹಂತದಲ್ಲಿ ನಿಂತರೆ ಪ್ರತಿಯ ಕಡೆಗೆ. ಇಂತಹ ಪರೀಕ್ಷೆಗಳಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಕೇಬಲನ್ನೂ ಕಿಂಡಿಯನ್ನೂ ಒಟ್ಟಿಗೆ ಬದಲಾಯಿಸಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ.

3. ಗಾತ್ರದ ಮಿತಿ

ಐನೂರು ಗಿಗಾಬೈಟ್ ಜಾಗ ಖಾಲಿ ಇದ್ದರೂ ಕಡತವು ತೀರ ದೊಡ್ಡದಾಯಿತೆಂಬ ಸೂಚನೆ ಬರುವುದುಂಟು. ಇದು ವಿರೋಧಾಭಾಸದಂತೆ ತೋರಿದರೂ ಕಾರಣ ಸ್ಪಷ್ಟವಾಗಿದೆ. 1996ರಲ್ಲಿ ಬಳಕೆಗೆ ಬಂದ ಫ್ಯಾಟ್32 ಎಂಬ ಕಡತವ್ಯವಸ್ಥೆಯು ಕಡತವೊಂದರ ಉದ್ದವನ್ನು 32 ಬಿಟ್‌ಗಳಲ್ಲಿ ದಾಖಲಿಸುತ್ತದೆ. ಆದಕಾರಣ ಒಂದು ಕಡತವು 4,29,49,67,295 ಬೈಟ್‌ಗಳನ್ನು, ಎಂದರೆ ನಾಲ್ಕು ಗಿಗಾಬೈಟ್‌ಗೆ ಒಂದು ಬೈಟ್ ಕಡಿಮೆಯಾದಷ್ಟನ್ನು, ಮೀರುವಂತಿಲ್ಲ. ಹಳೆಯ ಹಾರ್ಡ್ ಡಿಸ್ಕ್‌ಗಳೂ ಎಷ್ಟೋ ಪೆನ್‌ಡ್ರೈವ್‌ಗಳೂ ಇಂದಿಗೂ ಈ ವ್ಯವಸ್ಥೆಯಲ್ಲಿವೆ.

ಕ್ಷೇತ್ರಮುದ್ರಣದಲ್ಲಿ ಈ ಮಿತಿ ಎಷ್ಟು ಬೇಗ ಎದುರಾಗುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಸಂರಕ್ಷಣೆಗೆ ತಕ್ಕ ಗುಣಮಟ್ಟವೆಂದು ಧ್ವನಿಸಂಗ್ರಹಾಲಯಗಳು ಒಪ್ಪಿರುವ ಕ್ರಮದಲ್ಲಿ ಸೆಕೆಂಡಿಗೆ 96,000 ಮಾದರಿಗಳು, ಮಾದರಿಯೊಂದಕ್ಕೆ 24 ಬಿಟ್, ಎಂದರೆ 3 ಬೈಟ್. ಎರಡು ವಾಹಿನಿಗಳಾದರೆ ಸೆಕೆಂಡಿಗೆ 5,76,000 ಬೈಟ್. ಈ ದರದಲ್ಲಿ ಎರಡು ಗಂಟೆ ನಾಲ್ಕು ನಿಮಿಷಗಳಲ್ಲಿ ಮಿತಿ ಮುಟ್ಟುತ್ತದೆ. ಇಡೀ ರಾತ್ರಿ ನಡೆಯುವ ಬಯಲಾಟವೊಂದು ಎಂಟು ಗಂಟೆಯದಾದರೆ ಅದರ ಮುದ್ರಣ ಈ ಮಿತಿಯ ಸುಮಾರು ನಾಲ್ಕುಪಟ್ಟು ಆಗುತ್ತದೆ. ಸಾಮಾನ್ಯವಾದ ವೇವ್ ಮಾದರಿಯ ಧ್ವನಿಕಡತಕ್ಕೂ ತನ್ನದೇ ಆದ ನಾಲ್ಕು ಗಿಗಾಬೈಟ್‌ನ ಮಿತಿ ಇರುವುದರಿಂದ, ಅಷ್ಟು ದೀರ್ಘವಾದ ಆಟವನ್ನು ಪ್ರಸಂಗದ ಭಾಗಗಳಿಗೆ ತಕ್ಕಂತೆ ಬಿಡಿ ಕಡತಗಳಾಗಿ ಮುದ್ರಿಸಿಕೊಳ್ಳುವುದೇ ವಿಹಿತ.

ಡಿಸ್ಕ್‌ನ ವ್ಯವಸ್ಥೆಯನ್ನೇ ಬದಲಾಯಿಸುವುದು ಇನ್ನೊಂದು ಪರಿಹಾರ. ವಿಂಡೋಸ್ ಗಣಕಗಳಲ್ಲಿ ಮಾತ್ರ ಬಳಸುವುದಾದರೆ ಎನ್‌ಟಿಎಫ್‌ಎಸ್ ತಕ್ಕದ್ದು. ಮ್ಯಾಕ್ ಗಣಕಗಳು ಅದನ್ನು ಓದುತ್ತವೆಯಾದರೂ ಹೆಚ್ಚುವರಿ ತಂತ್ರಾಂಶವಿಲ್ಲದೆ ಅದರಲ್ಲಿ ಬರೆಯಲಾರವು. ಎರಡು ಕಡೆಗೂ ಬೇಕಾದಲ್ಲಿ 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ಉಪಯುಕ್ತ. ಆದರೆ ಎಕ್ಸ್‌ಫ್ಯಾಟ್‌ನಲ್ಲಿ, ನಡೆಯುತ್ತಿರುವ ಬದಲಾವಣೆಗಳನ್ನು ಮುಂದಾಗಿ ಬರೆದಿಟ್ಟುಕೊಳ್ಳುವ ದಿನಚರಿಯ ಏರ್ಪಾಡು ಇಲ್ಲ. ಬರೆಯುತ್ತಿರುವಾಗ ವಿದ್ಯುತ್ ಹೋದರೆ ಅಥವಾ ಕೇಬಲ್ ಕಿತ್ತರೆ ಹಾನಿಯ ಸಂಭವ ಹೆಚ್ಚು. ವ್ಯವಸ್ಥೆಯನ್ನು ಬದಲಾಯಿಸುವುದೆಂದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದು. ಅದರಿಂದ ಅಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಬೇರೆಡೆ ತಾಳೆ ನೋಡಿದ ಪ್ರತಿ ಇದ್ದಾಗ ಮಾತ್ರ ಈ ಕಾರ್ಯಕ್ಕೆ ಕೈಹಾಕಬೇಕು.

4. ಹೆಸರಿನ ತೊಡಕು: ಕನ್ನಡಕ್ಕೆ ಸಂಬಂಧಿಸಿದ ವಿಶೇಷ ಸಂಗತಿಗಳು

ಕಡತಗಳಿಗೆ ಕನ್ನಡದಲ್ಲಿ ಹೆಸರಿಡುವವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಸಾಮಾನ್ಯ ಕೈಪಿಡಿಗಳಲ್ಲಿ ಇವುಗಳ ಚರ್ಚೆ ವಿರಳ.

ಮೊದಲನೆಯದು ಉದ್ದ. 1991ರಲ್ಲಿ ಪ್ರಕಟವಾದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆಯಿತು. ಈ ಸಂಕೇತಕ್ರಮದಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತ ಇವು ಒಂದೊಂದೂ ಪ್ರತ್ಯೇಕ ಸಂಕೇತ. ‘ಶಾಸ್ತ್ರ’ ಎಂಬುದು ಓದುವವರ ಕಣ್ಣಿಗೆ ಎರಡು ಅಕ್ಷರ. ಗಣಕಕ್ಕೆ ಏಳು ಸಂಕೇತ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಒಟ್ಟು 21 ಬೈಟ್. ಲಿನಕ್ಸ್ ಗಣಕಗಳ ಸಾಮಾನ್ಯ ಡಿಸ್ಕ್‌ಗಳಲ್ಲಿ ಹೆಸರಿನ ಮಿತಿ 255 ಬೈಟ್; ಕನ್ನಡದಲ್ಲಿ ಅದು 85 ಸಂಕೇತಗಳಿಗೆ ಮುಗಿಯುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ 255 ಕನ್ನಡ ಸಂಕೇತಗಳಿಗೇ ಅವಕಾಶವಿದೆ. ಆದುದರಿಂದ ಒಂದು ಡಿಸ್ಕ್‌ನಲ್ಲಿ ನೆಮ್ಮದಿಯಾಗಿದ್ದ ಉದ್ದನೆಯ ಕನ್ನಡ ಹೆಸರು ಇನ್ನೊಂದಕ್ಕೆ ಹೋಗಲಾರದೆ ನಿಲ್ಲಬಹುದು. ಇದಲ್ಲದೆ ವಿಂಡೋಸ್‌ನಲ್ಲಿ ಫೋಲ್ಡರಿನೊಳಗೆ ಫೋಲ್ಡರಿಟ್ಟು ಬೆಳೆಸಿದ ಇಡೀ ವಿಳಾಸಕ್ಕೆ 260ರ ಸಾಂಪ್ರದಾಯಿಕ ಮಿತಿ ಇದೆ. ಪ್ರಶ್ನಾರ್ಥಕ ಚಿಹ್ನೆ, ವಿವರಣ ಚಿಹ್ನೆ, ಓರೆಗೆರೆ, ಜೋಡಿ ಉದ್ಧರಣ ಚಿಹ್ನೆಗಳನ್ನು ವಿಂಡೋಸ್ ಹೆಸರಿನಲ್ಲಿ ಒಪ್ಪುವುದಿಲ್ಲ. ಕಾಲನಿರ್ಣಯ ಸಂದೇಹಾಸ್ಪದವಾದ ಶಾಸನದ ಮುಂದೆ ಪ್ರಶ್ನಾರ್ಥಕ ಹಾಕುವುದು ಸಂಶೋಧಕರ ರೂಢಿ. ಕಡತದ ಹೆಸರಿನಲ್ಲಿ ಅದು ಸಲ್ಲದು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ೀ, ೇ, ೈ, ೊ, ೋ ಎಂಬ ಐದು ಸ್ವರಚಿಹ್ನೆಗಳನ್ನು ಯುನಿಕೋಡ್‌ನಲ್ಲಿ ಇಡಿಯಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ‘ಪೀಠ’ ಎಂಬ ಪದ ಇಡಿಯಾಗಿ ಬರೆದಾಗ ಮೂರು ಸಂಕೇತ. ಗುಡಿಸನ್ನೂ ದೀರ್ಘವನ್ನೂ ಬೇರೆ ಮಾಡಿ ಬರೆದಾಗ ನಾಲ್ಕು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್ ಗಣಕಗಳಲ್ಲಿ 1998ರಿಂದ ಬಳಕೆಯಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತದೆ. 2017ರಲ್ಲಿ ಬಂದ ಎಪಿಎಫ್‌ಎಸ್ ಈ ಪದ್ಧತಿಯನ್ನು ಕೈಬಿಟ್ಟಿತು. ಹಳೆಯ ಮ್ಯಾಕ್ ಡಿಸ್ಕ್‌ನಿಂದ ಬಂದ ಕಡತವನ್ನು ವಿಂಡೋಸ್ ಅಥವಾ ಲಿನಕ್ಸ್ ಡಿಸ್ಕ್‌ಗೆ ಸೇರಿಸಿದಾಗ ಒಂದೇ ಫೋಲ್ಡರಿನಲ್ಲಿ ‘ಪೀಠ’ ಎಂಬ ಹೆಸರಿನ ಎರಡು ಕಡತಗಳು ಕಾಣಿಸಿಕೊಳ್ಳುವ, ಹುಡುಕಿದರೆ ಒಂದು ಮಾತ್ರ ದೊರೆಯುವ, ಎರಡು ಡಿಸ್ಕ್‌ಗಳನ್ನು ಹೋಲಿಸುವ ತಂತ್ರಾಂಶವು ಇರುವ ಕಡತವನ್ನೇ ಇಲ್ಲವೆನ್ನುವ ಪ್ರಸಂಗ ಬರುವುದು ಹೀಗೆ. ‘ಪಂಪ’ ಎಂಬ ಹೆಸರಿಗೆ ಈ ಬಾಧೆಯಿಲ್ಲ, ‘ಕುಮಾರವ್ಯಾಸ’ನಿಗೂ ಇಲ್ಲ, ‘ಸೋಮನಾಥ’ನಿಗೆ ಇದೆ.

ಇವೆಲ್ಲಕ್ಕೂ ಹಸ್ತಪ್ರತಿ ಭಂಡಾರಗಳ ಪದ್ಧತಿಯಲ್ಲೇ ಪರಿಹಾರವಿದೆ. ಓಲೆಕಟ್ಟಿನ ಮೇಲೆ ಕೃತಿಯ ಸಮಗ್ರ ವಿವರವನ್ನು ಯಾರೂ ಬರೆಯುವುದಿಲ್ಲ. ಕ್ರಮಾಂಕವನ್ನು ಬರೆದು ವಿವರವನ್ನು ಸೂಚಿಯಲ್ಲಿ ಇಡುತ್ತಾರೆ. ಅದರಂತೆ ಕಡತಕ್ಕೆ ದಿನಾಂಕ ಮತ್ತು ಕ್ರಮಾಂಕಗಳಿಂದಾದ ಚಿಕ್ಕ ಹೆಸರನ್ನಿಟ್ಟು, ಊರು, ಕಲಾವಿದರು, ಪ್ರಸಂಗ ಮುಂತಾದ ವಿವರಗಳನ್ನು ಕನ್ನಡದ ಸೂಚಿಕಡತವೊಂದರಲ್ಲಿ ಬರೆದಿಡಬೇಕು. ಇದರಿಂದ ಕನ್ನಡಕ್ಕೆ ಏನೂ ಕೊರತೆಯಾಗದು. ಮಿತಿಗಳಿಲ್ಲದ ಎಡೆಯಲ್ಲಿ ಅದು ಇನ್ನಷ್ಟು ವಿಸ್ತಾರವಾಗಿ ನೆಲೆಗೊಳ್ಳುತ್ತದೆ.

ಇಲ್ಲಿಯೇ ಒಂದು ಭ್ರಮೆಯನ್ನು ನಿವಾರಿಸಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಕ್ರಮದಲ್ಲಿ ಸಿದ್ಧಪಡಿಸಿದ ಲೇಖನವು ಹೊಸ ಗಣಕದಲ್ಲಿ ರೋಮನ್ ಅಕ್ಷರಗಳ ಗೊಂದಲವಾಗಿ ಕಂಡಾಗ, ಪ್ರತಿ ಮಾಡುವಾಗ ಕಡತ ಕೆಟ್ಟಿತೆಂದು ಹಲವರು ಭಾವಿಸುತ್ತಾರೆ. ಕಡತ ಕೆಟ್ಟಿಲ್ಲ, ಅದನ್ನು ಓದಲು ಬೇಕಾದ ಅಕ್ಷರವಿನ್ಯಾಸ ಅಲ್ಲಿಲ್ಲ. ಆ ಫಾಂಟನ್ನು ಸೇರಿಸಿದರೆ, ಇಲ್ಲವೆ ಪರಿವರ್ತಕದಿಂದ ಯುನಿಕೋಡ್‌ಗೆ ತಂದರೆ ಪಾಠ ಮರಳಿ ದೊರೆಯುತ್ತದೆ. ಕೆಟ್ಟಿತೆಂದು ಅಳಿಸಿದರೆ ಮಾತ್ರ ಅದು ನಿಜವಾಗಿ ನಷ್ಟ.

5. ಭೌತಿಕ ಕಾರಣಗಳು

ಕಿಸೆಯಲ್ಲಿ ಹಿಡಿಯುವ ಹಾರ್ಡ್ ಡಿಸ್ಕ್‌ಗೆ ಬೇರೆ ವಿದ್ಯುತ್ ಸಂಪರ್ಕವಿಲ್ಲ. ಅದು ಯುಎಸ್‌ಬಿ ಕೇಬಲ್ ಮೂಲಕವೇ ಶಕ್ತಿಯನ್ನು ಪಡೆಯುತ್ತದೆ. ಯುಎಸ್‌ಬಿ 2.0 ಕಿಂಡಿ ನಿಯಮದಂತೆ ನೀಡುವುದು 500 ಮಿಲಿಆಂಪಿಯರ್, 3.0 ಕಿಂಡಿ ನೀಡುವುದು 900. ಒಳಗಿನ ತಟ್ಟೆ ತಿರುಗಲು ಆರಂಭಿಸುವ ಕ್ಷಣದಲ್ಲಿ ಬೇಡಿಕೆ ಏರುತ್ತದೆ. ಎರಡು ಹಾರ್ಡ್ ಡಿಸ್ಕ್‌ಗಳನ್ನು ಪ್ರತ್ಯೇಕ ವಿದ್ಯುತ್ತಿಲ್ಲದ ಒಂದೇ ಹಬ್‌ಗೆ ಜೋಡಿಸಿದರೆ ಇಬ್ಬರೂ ಒಂದೇ ಪಾಲನ್ನು ಹಂಚಿಕೊಳ್ಳಬೇಕಾಗುತ್ತದೆ. ಆಗ ಡಿಸ್ಕ್ ಇದ್ದಕ್ಕಿದ್ದಂತೆ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುವುದು, ಸಾಧನ ಸಿದ್ಧವಿಲ್ಲವೆಂಬ ಸೂಚನೆ ಬರುವುದು ಸಾಮಾನ್ಯ. ಹಬ್ ತೆಗೆದು ಎರಡನ್ನೂ ಗಣಕಯಂತ್ರದ ಬೇರೆ ಬೇರೆ ಕಿಂಡಿಗಳಿಗೆ ನೇರವಾಗಿ ಜೋಡಿಸುವುದು, ಗಿಡ್ಡವಾದ ಒಳ್ಳೆಯ ಕೇಬಲನ್ನು ಬಳಸುವುದು ಮೊದಲ ಚಿಕಿತ್ಸೆ. ನೆಹರೂ ಪ್ಲೇಸ್‌ನ ಮಾರುಕಟ್ಟೆಯಲ್ಲಿ ಹೊಸ ಕೇಬಲ್‌ಗೆ ತಗಲುವ ಹಣ ಮತ್ತೊಂದು ಕ್ಷೇತ್ರಪ್ರವಾಸದ ವೆಚ್ಚದ ಮುಂದೆ ನಗಣ್ಯ.

ದೆಹಲಿಯ ಬೇಸಗೆಯನ್ನೂ ಕಾರಣಗಳಲ್ಲಿ ಸೇರಿಸಬೇಕು. ಎಷ್ಟೋ ತಯಾರಕರು ಇಂತಹ ಡಿಸ್ಕ್ ಕೆಲಸ ಮಾಡುವ ಪರಿಸರದ ಉಷ್ಣತೆಗೆ 35 ಡಿಗ್ರಿಯ ಮಿತಿಯನ್ನು ನಿಗದಿಪಡಿಸುತ್ತಾರೆ. ಮೇ, ಜೂನ್ ತಿಂಗಳುಗಳಲ್ಲಿ 45 ಡಿಗ್ರಿಯವರೆಗೆ ಏರುವ ಊರಿನಲ್ಲಿ, ತಂಪಿನ ಏರ್ಪಾಡಿಲ್ಲದ ಕೊಠಡಿಯಲ್ಲಿ ನೂರಾರು ಗಿಗಾಬೈಟ್‌ಗಳನ್ನು ಒಂದೇ ಸಮನೆ ಸಾಗಿಸುವುದು ಡಿಸ್ಕ್‌ಗೆ ಹಿತವಲ್ಲ. ಕೆಲಸವನ್ನು ಕಂತುಗಳಾಗಿ ಹಂಚಿ, ಬೆಳಗಿನ ಹೊತ್ತಿನಲ್ಲಿ, ಡಿಸ್ಕ್‌ಗಳನ್ನು ಒಂದರ ಮೇಲೊಂದು ಪೇರಿಸದೆ ನಡೆಸಬೇಕು.

ಒಂದೇ ಕಡತದಲ್ಲಿ ಪದೇ ಪದೇ ನಿಂತು, ಆವರ್ತ ತಪಾಸಣೆಯ ದೋಷವೆಂದು ಸೂಚನೆ ಬಂದರೆ ಡಿಸ್ಕ್‌ನ ಆ ಭಾಗ ಓದಲಾಗದ ಸ್ಥಿತಿಯಲ್ಲಿದೆ ಎಂದರ್ಥ. ಜೊತೆಗೆ ಟಕ್ ಟಕ್ ಎಂಬ ಸದ್ದು ಕೇಳಿಬಂದರೆ ಯಂತ್ರಭಾಗವೇ ಸೋಲುತ್ತಿದೆ. ಆಗ ಡಿಸ್ಕನ್ನು ಕೂಡಲೇ ನಿಲ್ಲಿಸಿ ತಜ್ಞರಿಗೆ ಒಪ್ಪಿಸುವುದು ಲೇಸು. ಸದ್ದಿಲ್ಲದಿದ್ದರೆ, ಬೇರೆಲ್ಲೂ ಪ್ರತಿಯಿಲ್ಲದ ಕಡತಗಳನ್ನು ಮೊದಲು ಹೊರತೆಗೆಯಬೇಕು. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವು ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ಸಂಗ್ರಹಿಸಿ, ಕಷ್ಟದ ಭಾಗಗಳಿಗೆ ಅನಂತರ ಮರಳುತ್ತದೆ. ಡಿಸ್ಕ್ ದುರಸ್ತಿಯ ಆದೇಶಗಳನ್ನು ಇದಕ್ಕೆ ಮುಂಚೆ ನಡೆಸಬಾರದು. ಅವು ವ್ಯವಸ್ಥೆಯನ್ನು ಸರಿಪಡಿಸುವ ಭರದಲ್ಲಿ ಉಳಿದ ಪಾಠವನ್ನೂ ಕಳೆಯಬಲ್ಲವು.

6. ಸೂಚನೆಯಿಲ್ಲದ ದೋಷ ಮತ್ತು ತಾಳೆ ನೋಡುವ ಕ್ರಮ

ಇದುವರೆಗೆ ಹೇಳಿದ ದೋಷಗಳು ತಮ್ಮ ಇರವನ್ನು ತಾವೇ ಸಾರುತ್ತವೆ. ಹೆಚ್ಚು ಭಯಪಡಬೇಕಾದದ್ದು ಸದ್ದಿಲ್ಲದ ದೋಷಕ್ಕೆ. ಪ್ರಗತಿಪಟ್ಟಿ ತುಂಬಿದ ಮೇಲೂ ಕಡೆಯ ಭಾಗ ಗಣಕದ ಸ್ಮೃತಿಯಲ್ಲೇ ಉಳಿದಿರುವುದುಂಟು. ಸುರಕ್ಷಿತವಾಗಿ ಹೊರತೆಗೆಯುವ ಆದೇಶ ನೀಡದೆ ಕೇಬಲ್ ಕಿತ್ತರೆ ಅದು ಡಿಸ್ಕನ್ನು ಮುಟ್ಟುವುದೇ ಇಲ್ಲ. ಅಗ್ಗದ ಬೆಲೆಗೆ ದೊರೆಯುವ ನಕಲಿ ಪೆನ್‌ಡ್ರೈವ್‌ಗಳು ಇಲ್ಲದ ಗಾತ್ರವನ್ನು ಇದೆಯೆಂದು ತೋರಿಸಿ, ಮಿತಿ ಮೀರಿದ ಮೇಲೆ ಬಂದುದನ್ನೆಲ್ಲ ಸ್ವೀಕರಿಸಿದಂತೆ ನಟಿಸುತ್ತವೆ. ಹೆಸರು, ಗಾತ್ರ, ದಿನಾಂಕ ಎಲ್ಲವೂ ಸರಿಯಾಗಿ ಕಾಣುತ್ತವೆ. ಒಳಗಿನ ಪಾಠ ಮಾತ್ರ ಇರುವುದಿಲ್ಲ.

ಪ್ರತಿಕಾರ್ಯದ ಇಂತಹ ಮೌನಲೋಪಕ್ಕೆ ಕನ್ನಡ ನಾಡಿನ ಹಸ್ತಪ್ರತಿಗಳ ಇತಿಹಾಸದಲ್ಲೇ ಪ್ರಸಿದ್ಧ ನಿದರ್ಶನವಿದೆ. ‘ಷಟ್ಖಂಡಾಗಮ’ಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ‘ಧವಲಾ’ ಟೀಕೆಯ ಓಲೆಪ್ರತಿಗಳು ಹಳೆಯ ಕನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಬಸದಿಯಲ್ಲಿ ಉಳಿದುಬಂದಿದ್ದವು. ಅವುಗಳಿಂದ ಇಳಿದ ಪ್ರತಿಗಳ ಆಧಾರದ ಮೇಲೆ, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟ ಅಮರಾವತಿಯಿಂದ ಪ್ರಕಟವಾಯಿತು. ಅದರ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಅರ್ಥಬಲದಿಂದ ಊಹಿಸಿ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಈ ಒಂದು ಪದ ವಿದ್ವಾಂಸರಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ಕಡೆಗೆ ಮೂಡುಬಿದಿರೆಯ ಓಲೆಯನ್ನು ತಾಳೆ ನೋಡಿದಾಗ ಪದವು ಅಲ್ಲಿದ್ದುದು ಕಂಡುಬಂದಿತು. ಅದರ ಹಿಂದಿನ ಪದವೂ ‘ಸಂಜದ’ ಎಂದೇ ಮುಗಿಯುವುದರಿಂದ ಲಿಪಿಕಾರನ ಕಣ್ಣು ಒಂದರಿಂದ ಇನ್ನೊಂದಕ್ಕೆ ಹಾರಿರಬೇಕು. ಪ್ರತಿಯ ಪುಟಗಳಲ್ಲಿ ಲೋಪದ ಗುರುತೇನೂ ಇರಲಿಲ್ಲ. ಮೂಲ ಉಳಿದಿದ್ದುದರಿಂದ ಮಾತ್ರ ವಾದಕ್ಕೆ ತೀರ್ಪು ದೊರೆಯಿತು.

ಕಡತಗಳನ್ನು ತಾಳೆ ನೋಡಲು ಅಕ್ಷರ ಅಕ್ಷರವನ್ನೂ ಕಣ್ಣಿನಿಂದ ಹೋಲಿಸಬೇಕಾಗಿಲ್ಲ. ಚೆಕ್‌ಸಮ್ ಎಂಬ ತಾಳೆಸಂಖ್ಯೆ ಆ ಕೆಲಸವನ್ನು ಮಾಡುತ್ತದೆ. ಎಸ್‌ಎಚ್‌ಎ-256 ಎಂಬ ಗಣಿತಕ್ರಮವು ಕಡತದ ಎಲ್ಲ ಬೈಟ್‌ಗಳನ್ನೂ ಓದಿ, ಗಾತ್ರ ಎಷ್ಟೇ ಇರಲಿ, 64 ಅಂಕಿಗಳ ಒಂದು ಮುದ್ರೆಯನ್ನು ನೀಡುತ್ತದೆ. ಒಂದೇ ಒಂದು ಬಿಟ್ ವ್ಯತ್ಯಾಸವಾದರೂ ಮುದ್ರೆ ಪೂರ್ತಿ ಬೇರೆಯಾಗುತ್ತದೆ. ಇದನ್ನು ಲೆಕ್ಕ ಹಾಕುವ ಸೌಲಭ್ಯ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅಂತರ್ಗತವಾಗಿದೆ. ಮೂಲದ ಮುದ್ರೆಗಳನ್ನು ಒಂದು ಪಟ್ಟಿಯಲ್ಲಿ ಬರೆದುಕೊಂಡು, ಪ್ರತಿಯ ಡಿಸ್ಕನ್ನು ಒಮ್ಮೆ ಹೊರತೆಗೆದು ಮತ್ತೆ ಜೋಡಿಸಿ, ಅಲ್ಲಿಯ ಮುದ್ರೆಗಳನ್ನು ಲೆಕ್ಕ ಹಾಕಿ ಹೋಲಿಸಬೇಕು. ಮರುಜೋಡಣೆ ಮಾಡದಿದ್ದರೆ ಗಣಕವು ಡಿಸ್ಕ್‌ನಿಂದ ಓದುವ ಬದಲು ತನ್ನ ಸ್ಮೃತಿಯಿಂದಲೇ ಉತ್ತರ ಹೇಳಬಹುದು. ಕಡತಗಳ ಜೊತೆಯಲ್ಲಿ ಮುದ್ರೆಗಳ ಪಟ್ಟಿಯನ್ನೂ ಕಟ್ಟಿಡುವ ಬ್ಯಾಗ್‌ಇಟ್ ಎಂಬ ಕ್ರಮವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮುಂತಾದ ಸಂಸ್ಥೆಗಳು ರೂಪಿಸಿವೆ; ಅದರ ವಿಧಿಗಳು 2018ರಲ್ಲಿ ಅಧಿಕೃತ ದಾಖಲೆಯಾಗಿ ಪ್ರಕಟವಾದವು. ಪಟ್ಟಿ ಜೊತೆಗಿದ್ದರೆ ಹತ್ತು ವರ್ಷಗಳ ಬಳಿಕವೂ ತಾಳೆ ನೋಡಬಹುದು.

7. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ವಿಧಿಗಳು ಹೊರಡುತ್ತವೆ. ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ಕತ್ತರಿಸಿ ಅಂಟಿಸುವ ಕ್ರಮವನ್ನು ಬಳಸಬಾರದು. ಪ್ರತಿ ಮಾಡುವ ಕ್ರಮವೇ ಸರಿ. ದೋಷ ಕಂಡಾಗ ಗಾತ್ರ, ಹೆಸರು, ಕೇಬಲ್, ಡಿಸ್ಕ್ ಇವನ್ನು ಒಂದೊಂದಾಗಿ ಪರೀಕ್ಷಿಸಬೇಕು. ದೋಷ ಕಾಣದಿದ್ದಾಗಲೂ ತಾಳೆಸಂಖ್ಯೆಯನ್ನು ಹೋಲಿಸಬೇಕು. ಅದು ಮುಗಿಯುವವರೆಗೆ ಮುದ್ರಣಯಂತ್ರದ ಕಾರ್ಡನ್ನು ಅಳಿಸಬಾರದು. ಒಟ್ಟು ಮೂರು ಪ್ರತಿಗಳಿರಬೇಕು. ಅವುಗಳಲ್ಲಿ ಒಂದಾದರೂ ಬೇರೊಂದು ಊರಿನಲ್ಲಿರಬೇಕು. ದೆಹಲಿಯ ಸಂಶೋಧಕರಿಗೆ ಈ ಕಡೆಯ ವಿಧಿ ಸಹಜವಾಗಿಯೇ ಒದಗಿಬರುತ್ತದೆ: ಸಾಮಗ್ರಿ ದೊರೆತ ಊರಿನ ಗ್ರಂಥಾಲಯಕ್ಕೆ ಇಲ್ಲವೆ ಕಲಾವಿದರ ಮನೆಗೆ ಒಂದು ಪ್ರತಿಯನ್ನು ಮರಳಿಸಿದರೆ ಕಡತವೂ ಉಳಿಯುತ್ತದೆ, ಋಣವೂ ಸಂದಾಯವಾಗುತ್ತದೆ.

ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಕನ್ನಡದಲ್ಲಿ ಪಾಠಪರಿಷ್ಕರಣಕ್ಕೆ ಶಾಸ್ತ್ರದ ನೆಲೆಯನ್ನು ಒದಗಿಸಿದ ಗ್ರಂಥ. ಓಲೆಗರಿಯ ಕಾಲದ ಪ್ರತಿಗಳನ್ನು ಕುರಿತ ಆ ವಿವೇಕ ಗಣಕದ ಕಾಲಕ್ಕೂ ಅನ್ವಯಿಸುತ್ತದೆ. ಮುಂದಿನ ಪೀಳಿಗೆಯ ಸಂಪಾದಕರ ಕೈಗೆ ಸಿಗುವುದು ನಾವು ಇಂದು ಮಾಡಿದ ಪ್ರತಿಗಳು. ಅವರು ತಾಳೆ ನೋಡಲು ಮೂಲವೊಂದು ಉಳಿದಿರುತ್ತದೆಯೇ ಎಂಬುದು ನಮ್ಮ ಮೇಜಿನ ಮೇಲೆ ನಿರ್ಧಾರವಾಗುತ್ತದೆ.